ಒಂದು ಬೀದಿ, ಎರಡು ದಿನ: ಪೆನಾಂಗ್‌ನ ಜಾರ್ಜ್ ಟೌನ್‌ಗೆ ಒಬ್ಬರೇ ಹೋಗುವವರಿಗೆ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಜಾರ್ಜ್ ಟೌನ್ ಅಂತ ಒಂದು ಹಳೇ ಊರಿದೆ. ಆ ಊರಲ್ಲಿ ಒಂದು ಬೀದಿ. ಈ ತುದಿಯಿಂದ ಆ ತುದಿಗೆ ಸುಮ್ನೆ ನಡೆದರೆ ಹತ್ತು ನಿಮಿಷ ಸಾಕು. ಅಷ್ಟರೊಳಗೆ ಒಂದು ಚರ್ಚು, ಒಂದು ಚೀನೀ ದೇವಸ್ಥಾನ, ಒಂದು ಮಾರಿಯಮ್ಮನ ಗುಡಿ, ಒಂದು ಮಸೀದಿ ಸಿಗುತ್ತವೆ. ನಾಲ್ಕೂ ಇನ್ನೂರು ವರ್ಷದ ಆಸುಪಾಸಿನವು. ನಾಲ್ಕರಲ್ಲೂ ಇವತ್ತಿಗೂ ಜನ ಬಂದು ಕೈ ಮುಗಿಯುತ್ತಾರೆ, ಮಂಡಿಯೂರುತ್ತಾರೆ, ನಮಾಜು ಮಾಡುತ್ತಾರೆ.

ನಾನು ಮೊದಲ ಸಲ ಹೋದಾಗ ಈ ಬೀದಿಯನ್ನು ಕಾರಿನ ಕಿಟಕಿಯಿಂದ ನೋಡಿದ್ದೆ. ಬೆಟ್ಟ, ಬೀಚು, ದೊಡ್ಡ ದೇವಸ್ಥಾನ ಅಂತ ಎರಡು ದಿನ ಓಡಾಡಿದ್ದೇ ಆಯಿತು. ಮನೆಗೆ ಬಂದ ಮೇಲೆ ಅಮ್ಮ ಕೇಳಿದರು, ‘ಅಲ್ಲಿಯ ಜನ ಹೇಗಿದ್ದಾರೆ?’ ಅಂತ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡನೇ ಸಲ ಒಬ್ಬಳೇ ಹೋದೆ. ಆ ಬೀದಿಯ ಹತ್ತಿರವೇ ಎರಡು ರಾತ್ರಿ ಉಳಿದೆ. ಅದೇ ಬೀದಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಡೆದೆ. ಈ ಲೇಖನ ಆ ಎರಡನೇ ಸಲದ್ದು. ಸಮಯ ಕಡಿಮೆ ಇದ್ದಾಗ ಜಾಗಗಳ ಪಟ್ಟಿ ಚಿಕ್ಕದು ಮಾಡಿ, ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಒಬ್ಬರೇ ಇದ್ದಾಗ ಇದು ಸುಲಭ. ‘ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯ?’ ಅಂತ ಕೇಳುವವರು ಜೊತೆಗಿರುವುದಿಲ್ಲ.

ಹೊರಡುವ ಮುಂಚೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಈ ಸವಲತ್ತನ್ನು 2026ರ ಕೊನೆಯವರೆಗೆ ಮುಂದುವರಿಸಿದ್ದಾರೆ. ಟಿಕೆಟ್ ತೆಗೆಯುವ ದಿನ ಮಲೇಷ್ಯಾ ವಲಸೆ ಇಲಾಖೆಯ ವೆಬ್‌ಸೈಟ್ ಒಮ್ಮೆ ನೋಡಿಬಿಡಿ, ನಿಯಮ ಬದಲಾಗಿರಬಹುದು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು.

ವೀಸಾ ಬೇಡ ಅಂದಮಾತ್ರಕ್ಕೆ ಕಾಗದವೇ ಬೇಡ ಅಂತಲ್ಲ. ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಫಾರಂ ಇದೆ. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ಹುಡುಕಿದರೆ ದುಡ್ಡು ಕೇಳುವ ಸೈಟುಗಳೂ ಮೇಲೆಯೇ ಕಾಣಿಸುತ್ತವೆ. ಕಾರ್ಡಿನ ನಂಬರ್ ಕೇಳಿದ ತಕ್ಷಣ ಅಲ್ಲಿಂದ ಹೊರಗೆ ಬನ್ನಿ.

ಒಬ್ಬರೇ ಹೋಗುವವರಿಗೆ ಇಮಿಗ್ರೇಷನ್ ಕೌಂಟರಿನಲ್ಲಿ ಪ್ರಶ್ನೆ ಸ್ವಲ್ಪ ಜಾಸ್ತಿ ಬರಬಹುದು. ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ಸು, ಕೈಯಲ್ಲಿ ಎಷ್ಟು ದುಡ್ಡಿದೆ ಅಂತ. ಗಾಬರಿ ಬೇಡ. ವಾಪಸ್ಸು ಟಿಕೆಟ್ಟು, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಹಾಳೆ, ಇವನ್ನು ಪ್ರಿಂಟ್ ಹಾಕಿಸಿ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಹೋಟೆಲನ್ನು ಮಾತ್ರ ‘ಅಲ್ಲಿ ಹೋಗಿ ನೋಡೋಣ’ ಅಂತ ಬಿಡಬೇಡಿ. ಹೊಸಬರಿಗೆ ತೊಂದರೆ ಆಗುವುದು ಹೆಚ್ಚಾಗಿ ಅಲ್ಲೇ.

ಇನ್ನು ಸಣ್ಣ ಸಾಮಾನು. ಅಲ್ಲಿಯ ಪ್ಲಗ್ ಇಂಗ್ಲೆಂಡಿನ ಥರ ಚೌಕ ಮೂರು ಪಿನ್ನಿನದು, ಅಡಾಪ್ಟರ್ ಬೇಕು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಕೊಡೆ ಬೇಕೇ ಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ. ಬೇರೆ ತಿಂಗಳಲ್ಲೂ ಮಧ್ಯಾಹ್ನ ಇದ್ದಕ್ಕಿದ್ದಂತೆ ಸುರಿದು ಒಂದು ಗಂಟೆಯಲ್ಲಿ ನಿಲ್ಲುವುದುಂಟು. ಸೆಖೆ ಮಂಗಳೂರಿನ ಏಪ್ರಿಲ್ ಸೆಖೆ ಅಂದುಕೊಳ್ಳಿ. ಹತ್ತಿ ಬಟ್ಟೆ ಇರಲಿ. ಮಂಡಿ, ಭುಜ ಮುಚ್ಚುವಂಥದ್ದು ಒಂದು ಜೊತೆ ಇದ್ದರೆ ಗುಡಿಗೂ ಆಯಿತು, ಮಸೀದಿಗೂ ಆಯಿತು. ಹಾಕಿ ತೆಗೆಯಲು ಸುಲಭವಾದ ಚಪ್ಪಲಿ ತೊಡಿ, ದಿನಕ್ಕೆ ಹತ್ತು ಸಲ ಬಿಡಬೇಕಾಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಒಂದು ರಿಂಗಿಟ್ ಅಂದರೆ ಸುಮಾರು 20 ರೂಪಾಯಿ ಅಂತ ಮನಸ್ಸಲ್ಲಿಟ್ಟುಕೊಂಡರೆ ಸಾಕು. ನಿಜವಾದ ದರ ಸ್ವಲ್ಪ ಆಚೀಚೆ ಇರುತ್ತದೆ. ಬೀದಿ ಬದಿಯ ಊಟಕ್ಕೆ, ಬಸ್ಸಿಗೆ ನಗದು ಬೇಕು. ಐದು, ಹತ್ತರ ನೋಟು, ಒಂದಷ್ಟು ಚಿಲ್ಲರೆ ಇರಲಿ.

ತಲುಪುವ ದಾರಿ

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನಗಳಿವೆ, ನಾಲ್ಕು ಗಂಟೆ ಚಿಲ್ಲರೆಯ ಹಾರಾಟ. ಅಲ್ಲಿಂದ ಪೆನಾಂಗ್‌ಗೆ ಇನ್ನೊಂದು ವಿಮಾನ ಹಿಡಿದರೆ ಒಂದು ಗಂಟೆ. ಚೆನ್ನೈನಿಂದ ಪೆನಾಂಗ್‌ಗೆ ನೇರವಾಗಿಯೂ ಇಂಡಿಗೋ 2024ರ ಡಿಸೆಂಬರ್‌ನಲ್ಲಿ ವಿಮಾನ ಶುರುಮಾಡಿತು.

ಆದರೆ ಅರ್ಧ ದಿನ ಕೈಯಲ್ಲಿದ್ದರೆ ನನ್ನ ಮಾತು ಕೇಳಿ, ರೈಲಿನಲ್ಲಿ ಹೋಗಿ. ಕೌಲಾಲಂಪುರದ ಸೆಂಟ್ರಲ್ ಸ್ಟೇಷನ್ನಿನಿಂದ ಬಟರ್‌ವರ್ತ್ ಅನ್ನುವ ಊರಿಗೆ ಇಟಿಎಸ್ ಅನ್ನುವ ವಿದ್ಯುತ್ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಮುಂಚೆಯೇ ತೆಗೆಯಿರಿ, ರಜೆ ದಿನಗಳಲ್ಲಿ ಸಿಗುವುದಿಲ್ಲ. ಬಟರ್‌ವರ್ತ್ ಇರುವುದು ದ್ವೀಪದಲ್ಲಲ್ಲ, ಅದರ ಎದುರಿನ ದಡದಲ್ಲಿ. ಸ್ಟೇಷನ್ನಿನಿಂದ ಸೇತುವೆ ದಾರಿಯಲ್ಲಿ ನಡೆದುಕೊಂಡೇ ಫೆರಿ ಹತ್ತಿರ ಹೋಗಬಹುದು. ಫೆರಿಗೆ ಒಂದೆರಡು ರಿಂಗಿಟ್. ಹದಿನೈದು, ಇಪ್ಪತ್ತು ನಿಮಿಷದಲ್ಲಿ ಜಾರ್ಜ್ ಟೌನ್‌ನ ಎದೆಗೇ ಇಳಿಸುತ್ತದೆ. ಈ ಊರು ಹುಟ್ಟಿದ್ದು ಬಂದರಾಗಿ. ಸಮುದ್ರದ ಕಡೆಯಿಂದ ಬಂದರೆ ಅದು ತಾನಾಗಿಯೇ ಅರ್ಥವಾಗುತ್ತದೆ. ದೋಣಿಯ ಮುಂಭಾಗದಲ್ಲಿ ನಿಂತು ನೋಡಿ. ಮೊದಲು ಎತ್ತರದ ಕಟ್ಟಡಗಳು, ಆಮೇಲೆ ಕೆಂಪು ಹೆಂಚಿನ ಮಾಡು, ಕೊನೆಗೆ ನೀರಿನ ಮೇಲೆ ಕಂಬ ಊರಿ ನಿಂತ ಮರದ ಮನೆಗಳು ಕಾಣುತ್ತವೆ.

ವಿಮಾನದಲ್ಲಿ ಬಂದರೆ ನಿಲ್ದಾಣದಿಂದ ಊರೊಳಗೆ 401 ನಂಬರಿನ ರಾಪಿಡ್ ಪೆನಾಂಗ್ ಬಸ್ಸಿದೆ. ಡ್ರೈವರ್ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ದುಡ್ಡು ಡಬ್ಬಿಗೆ ಹಾಕಬೇಕು. ರಾತ್ರಿ ಇಳಿದರೆ ಗ್ರಾಬ್ ಆ್ಯಪ್‌ನಲ್ಲಿ ಕಾರು ಕರೆಸಿಕೊಳ್ಳಿ.

ಎಲ್ಲಿ ಉಳಿಯಬೇಕು

ಹಳೇ ಊರಿನೊಳಗೇ ಉಳಿಯಬೇಕು. ಚುಲಿಯಾ ಬೀದಿ, ಲವ್ ಲೇನ್, ಅರ್ಮೇನಿಯನ್ ಬೀದಿ, ಇವುಗಳ ಸುತ್ತ ಮುತ್ತ ಕಮ್ಮಿ ದುಡ್ಡಿನ ಹಾಸ್ಟೆಲ್‌ಗಳೂ ಇವೆ, ಹಳೇ ಮನೆಗಳನ್ನು ರಿಪೇರಿ ಮಾಡಿದ ಚಂದದ ಗೆಸ್ಟ್ ಹೌಸ್‌ಗಳೂ ಇವೆ. ಬುಕ್ ಮಾಡುವಾಗ ಒಂದು ವಿಷಯ ನೋಡಿ: ರೂಮಿಗೆ ಕಿಟಕಿ ಇದೆಯಾ ಅಂತ. ಇಲ್ಲಿಯ ಹಳೇ ಮನೆಗಳು ಬೀದಿಗೆ ಅಗಲ ಕಮ್ಮಿ, ಒಳಗೆ ರೈಲಿನ ಹಾಗೆ ಉದ್ದ. ಮಧ್ಯದ ಕೋಣೆಗಳಿಗೆ ಕಿಟಕಿ ಇರುವುದಿಲ್ಲ. ನಾನು ಒಮ್ಮೆ ಫೋಟೋ ನೋಡಿ ಬುಕ್ ಮಾಡಿದ ಕೋಣೆಯಲ್ಲಿ ಪರದೆ ಇತ್ತು. ಸರಿಸಿದರೆ ಹಿಂದೆ ಬರೀ ಗೋಡೆ. ಬೆಳಗಾಗಿದ್ದೇ ಗೊತ್ತಾಗಲಿಲ್ಲ. ವಿದೇಶಿಯರಿಗೆ ಒಂದು ರೂಮಿಗೆ ಒಂದು ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಇದೆ, ಕೌಂಟರಿನಲ್ಲಿ ಕೇಳಿದರೆ ಅದು ಮೋಸ ಅಲ್ಲ.

ಈ ಮನೆಗಳ ಮುಂದೆ ಮಾಡು ಇಳಿಬಿಟ್ಟ ಒಂದು ನಡೆದಾರಿ ಇರುತ್ತದೆ. ಮಲಯ ಮಾತಿನಲ್ಲಿ ‘ಕಾಕಿ ಲಿಮಾ’, ಅಂದರೆ ಐದು ಅಡಿ. ನಮ್ಮ ಹಳೇ ಮನೆಗಳ ಜಗಲಿಯನ್ನು ಬೀದಿ ಉದ್ದಕ್ಕೂ ಜೋಡಿಸಿದರೆ ಹೇಗೋ ಹಾಗೆ. ಬಿಸಿಲಿಗೂ ಮಳೆಗೂ ಅದೇ ಆಸರೆ. ಅಲ್ಲಲ್ಲಿ ಬೈಕು, ಹೂವಿನ ಕುಂಡ, ಊದುಬತ್ತಿಯ ಸಣ್ಣ ಗೂಡು ಅಡ್ಡ ಬರುತ್ತವೆ. ಮೆಟ್ಟಿಲಿನ ಎತ್ತರ ಮನೆಯಿಂದ ಮನೆಗೆ ಬದಲಾಗುತ್ತದೆ. ಫೋನ್ ನೋಡುತ್ತಾ ನಡೆಯಬೇಡಿ, ಕಾಲು ಉಳುಕುತ್ತದೆ.

ಆ ಬೀದಿ

ಬೀದಿಯ ಈಗಿನ ಹೆಸರು ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಹಳಬರ ಬಾಯಲ್ಲಿ ಇನ್ನೂ ಪಿಟ್ ಸ್ಟ್ರೀಟ್. ಇಲ್ಲಿ ಬಹಳ ಬೀದಿಗಳಿಗೆ ಹೀಗೆ ಎರಡು ಹೆಸರು, ದಾರಿ ಕೇಳುವಾಗ ಎರಡೂ ಗೊತ್ತಿದ್ದರೆ ಒಳ್ಳೆಯದು. ‘ಜಲಾನ್’ ಅಂದರೆ ರಸ್ತೆ, ‘ಲೆಬು’ ಅಂದರೆ ಬೀದಿ, ‘ಲೊರೊಂಗ್’ ಅಂದರೆ ಓಣಿ.

ಉತ್ತರದ ತುದಿಯಿಂದ ಶುರುಮಾಡಿ. ಅಲ್ಲಿ ಸೇಂಟ್ ಜಾರ್ಜ್ ಚರ್ಚು, 1818ರದು. ಬಿಳಿ ಕಂಬಗಳು, ಮುಂದೆ ಹುಲ್ಲು, ದೊಡ್ಡ ಮರಗಳು. ಆಗ್ನೇಯ ಏಷ್ಯಾದ ಅತಿ ಹಳೆಯ ಆಂಗ್ಲಿಕನ್ ಚರ್ಚು ಇದು. ಕಟ್ಟಿದ ಕೈಗಳು ಮಾತ್ರ ನಮ್ಮ ಕಡೆಯವು. ಭಾರತದಿಂದ ಶಿಕ್ಷೆ ಕೊಟ್ಟು ಹಡಗು ಹತ್ತಿಸಿದ ಕೈದಿಗಳಿಂದ ಇದನ್ನು ಕಟ್ಟಿಸಿದರು. ಆ ಕಂಬದ ಮುಂದೆ ನಿಂತಾಗ ಇದು ನೆನಪಿರಲಿ. ಈ ಊರಿನ ‘ಎಲ್ಲ ಜನರೂ ಸೇರಿದ್ದು’ ಅನ್ನುವ ಮಾತಿನಲ್ಲಿ ಇಷ್ಟಪಟ್ಟು ಬಂದವರೂ ಇದ್ದಾರೆ, ಸಂಕೋಲೆಯಲ್ಲಿ ಬಂದವರೂ ಇದ್ದಾರೆ.

ಚರ್ಚು ದಾಟಿ ಸ್ವಲ್ಪ ಮುಂದೆ ಬಂದರೆ ಕುವಾನ್ ಯಿನ್ ದೇವಸ್ಥಾನ. ಕರುಣೆಯ ದೇವಿ ಆಕೆ. ಹೊಗೆ ಮೊದಲು ಸಿಗುತ್ತದೆ, ದೇವಸ್ಥಾನ ಆಮೇಲೆ. ಅಂಗಳದಲ್ಲಿ ಆಳೆತ್ತರದ, ತೋಳು ದಪ್ಪದ ಊದುಬತ್ತಿಗಳು ನಿಂತುಕೊಂಡು ಉರಿಯುತ್ತವೆ. ಜನ ಕೈಯಲ್ಲಿ ಮೂರು ಸಣ್ಣ ಕಡ್ಡಿ ಹಿಡಿದು ಹಣೆಗೆ ಮುಟ್ಟಿಸಿ, ಬಾಗಿ, ಬೂದಿಯ ದೊಡ್ಡ ಕೊಪ್ಪರಿಗೆಯಲ್ಲಿ ಚುಚ್ಚುತ್ತಾರೆ. ನೀವು ಒಂದು ಬದಿಗೆ ನಿಂತು ನೋಡಬಹುದು. ಹೊಸ್ತಿಲ ಮೇಲೆ ಕಾಲಿಡಬೇಡಿ, ದಾಟಿ ಹೋಗಿ. ಈ ಮಾತು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ?

ಇಲ್ಲಿಂದ ಎಡಕ್ಕೆ ಒಂದು ಬೀದಿ ಒಳಗೆ ಹೋದರೆ ಲೆಬು ಕ್ವೀನ್. ಅಲ್ಲಿ ಶ್ರೀ ಮಹಾಮಾರಿಯಮ್ಮನ ಗುಡಿ, 1833ರದು. ಬಣ್ಣದ ಗೋಪುರ, ಬಾಗಿಲಲ್ಲಿ ಮಾವಿನ ಎಲೆ, ಒಳಗೆ ಕರ್ಪೂರದ ವಾಸನೆ. ನಮ್ಮೂರಿನ ಹಾಗೆಯೇ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಗ್ಗೆ ಇಲ್ಲವೇ ಸಂಜೆ ಹೋಗಿ. ನಾನು ಹೋದ ಸಂಜೆ ಒಬ್ಬರು ಚೀನೀ ಅಜ್ಜಿ ಮಂಗಳಾರತಿಗೆ ನಿಂತಿದ್ದರು. ಆರತಿ ತಟ್ಟೆ ಬಂದಾಗ ಎರಡೂ ಕೈ ಬೆಂಕಿಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡರು. ವಿಭೂತಿಯನ್ನು ಎಡಗೈ ಕೆಳಗಿಟ್ಟು ಬಲಗೈಯಲ್ಲೇ ಇಸಿದುಕೊಂಡರು. ಆಮೇಲೆ ಚೀಲದಿಂದ ಸಣ್ಣ ಕಾಗದ ತೆಗೆದು, ಉಳಿದ ವಿಭೂತಿಯನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನ್ನಿಸಿತು. ಜನವರಿ, ಫೆಬ್ರವರಿಯಲ್ಲಿ ಬರುವ ತೈಪೂಸಂ ಹಬ್ಬದ ಹಿಂದಿನ ದಿನ ಮುರುಗನ ರಥ ಈ ಊರಿನ ಬೀದಿಗಳಲ್ಲಿ ಹೊರಡುತ್ತದೆ. ಆಗ ರಥದ ಮುಂದೆ ರಾಶಿ ರಾಶಿ ತೆಂಗಿನಕಾಯಿ ಒಡೆಯುವವರಲ್ಲಿ ಚೀನಿಯರೂ ಬಹಳ ಮಂದಿ.

ಮತ್ತೆ ಮುಖ್ಯ ಬೀದಿಗೆ ಬಂದು ದಕ್ಷಿಣಕ್ಕೆ ನಡೆದರೆ ಕಪಿತಾನ್ ಕೆಲಿಂಗ್ ಮಸೀದಿ. 1801ರಲ್ಲಿ ಶುರುವಾದದ್ದು, ಕಟ್ಟಿಸಿದವರು ತಮಿಳುನಾಡಿನ ಕರಾವಳಿಯಿಂದ ಬಂದ ಮುಸ್ಲಿಂ ವ್ಯಾಪಾರಿಗಳು. ‘ಕಪಿತಾನ್’ ಅಂದರೆ ಸಮುದಾಯದ ಮುಖಂಡ. ‘ಕೆಲಿಂಗ್’ ಅನ್ನುವುದು ಕಳಿಂಗದಿಂದ ಬಂದ ಪದ, ಒಂದು ಕಾಲದಲ್ಲಿ ಭಾರತದವರಿಗೆಲ್ಲ ಅದೇ ಹೆಸರು. ಈಗ ಜನರ ಬಗ್ಗೆ ಆ ಪದ ಬಳಸಿದರೆ ಅದು ಬೈಗುಳ. ಮಸೀದಿಯ ಹೆಸರಿನಲ್ಲಿ ಮಾತ್ರ ಇದೆ, ಅಲ್ಲಿಗೇ ಬಿಡಿ. ನಮಾಜಿನ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಹೊರಗಿನವರು ಒಳಗೆ ಹೋಗಬಹುದು, ಮೈ ಮುಚ್ಚುವ ನಿಲುವಂಗಿ ಅವರೇ ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಆ ಕಡೆ ಹೋಗಬೇಡಿ.

ಇದನ್ನು ಒಂದು ಸಲ ಬೆಳಗ್ಗೆ ನಡೆಯಿರಿ. ಆಮೇಲೆ ಸಂಜೆ ಆರೂವರೆಗೆ ವಾಪಸ್ಸು ಬನ್ನಿ. ಇಲ್ಲಿ ಸೂರ್ಯ ಮುಳುಗುವಾಗ ಗಡಿಯಾರದಲ್ಲಿ ಏಳು ದಾಟಿರುತ್ತದೆ. ಗುಡಿಯ ಸಂಜೆ ಪೂಜೆಯ ಗಂಟೆ, ಅದರ ಹಿಂದೆಯೇ ಮಸೀದಿಯ ಅಜಾನ್, ಗಾಳಿ ತಿರುಗಿದರೆ ಕುವಾನ್ ಯಿನ್ ಅಂಗಳದ ಊದುಬತ್ತಿ ಹೊಗೆ. ಈ ಹೊತ್ತಿಗೆ ಬೀದಿ ಬದಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತುಬಿಡಿ. ಕ್ಯಾಮೆರಾ ಚೀಲದಲ್ಲಿರಲಿ. ಈ ಅರ್ಧ ಗಂಟೆಗಾಗಿಯೇ ನಾನು ಮೂರನೇ ಸಲವೂ ಹೋಗುತ್ತೇನೆ.

ಬೀದಿ ಇನ್ನೂ ದಕ್ಷಿಣಕ್ಕೆ ಹೋಗಿ ಲೆಬು ಕ್ಯಾನನ್ ಆಗುತ್ತದೆ. ಅಲ್ಲಿ ಖೂ ಕೊಂಗ್ಸಿ ಅನ್ನುವ ಕುಲದ ಮನೆ ಇದೆ. ಖೂ ಮನೆತನದ ಚೀನಿಯರೆಲ್ಲ ಸೇರುವ ಜಾಗ. ಹಳೆಯದು 1901ರಲ್ಲಿ ಬೆಂಕಿಗೆ ಹೋಯಿತು, ಈಗಿರುವುದು 1906ರದು. ಟಿಕೆಟ್ ಇದೆ, ಕೊಟ್ಟು ಹೋಗಿ. ಮರದ ಕೆತ್ತನೆ ನೋಡಲು ಒಂದು ಗಂಟೆ ಬೇಕು. ಅರ್ಮೇನಿಯನ್ ಬೀದಿಯಲ್ಲಿ ಸೈಕಲ್ ಮೇಲೆ ಇಬ್ಬರು ಮಕ್ಕಳ ಪ್ರಸಿದ್ಧ ಗೋಡೆಚಿತ್ರ ಇದೆ, 2012ರದು. ಮುಂದೆ ಯಾವಾಗಲೂ ಸಾಲು. ಬೆಳಗ್ಗೆ ಎಂಟಕ್ಕೆ ಮುಂಚೆ ಹೋದರೆ ಖಾಲಿ ಇರುತ್ತದೆ.

ಒಂದು ಕೋಟೆಯ ಮಾತು. ಸಮುದ್ರದ ಮೂಲೆಯಲ್ಲಿ ಫೋರ್ಟ್ ಕಾರ್ನ್‌ವಾಲಿಸ್ ಇದೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಇಳಿದು ಬಾವುಟ ಹಾರಿಸಿದ. ಕೋಟೆಗೆ ಹೆಸರು ಕೊಟ್ಟ ಕಾರ್ನ್‌ವಾಲಿಸ್ ಬೇರೆ ಯಾರೂ ಅಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಎದುರು ದಡದ ಬಟರ್‌ವರ್ತ್ ಸುತ್ತಲಿನ ಸೀಮೆಗೆ ಆಗ ಪ್ರಾವಿನ್ಸ್ ವೆಲ್ಲೆಸ್ಲಿ ಅಂತ ಹೆಸರಿಟ್ಟಿದ್ದರು. 1799ರಲ್ಲಿ ಟಿಪ್ಪು ಸತ್ತಾಗ ಗವರ್ನರ್ ಜನರಲ್ ಆಗಿದ್ದವನ ಹೆಸರದು. ನಮ್ಮ ಇತಿಹಾಸದ ಪಾಠದ ಎರಡು ಹೆಸರು ಈ ಸಮುದ್ರದ ಎರಡು ದಡದಲ್ಲಿ ಸಿಕ್ಕಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಊಟ

ಪೆನಾಂಗ್‌ನ ಹೆಸರು ಇರುವುದೇ ಊಟಕ್ಕೆ. ಮೀನು, ಮಾಂಸ ತಿನ್ನುವವರಿಗೆ ಹೇಳುವುದೇನೂ ಇಲ್ಲ. ಹುಳಿ ಮೀನಿನ ಸಾರಿನಲ್ಲಿ ದಪ್ಪ ಶಾವಿಗೆ ಹಾಕಿದ ಅಸಾಮ್ ಲಕ್ಸಾ, ಕಬ್ಬಿಣದ ಬಾಣಲೆಯಲ್ಲಿ ಜೋರು ಉರಿಗೆ ಹುರಿದ ಚಾರ್ ಕುವೆ ಟಿಯೊ, ತಮಿಳು ಮುಸ್ಲಿಮರ ನಾಸಿ ಕಂದಾರ್. ‘ನಾಸಿ’ ಅಂದರೆ ಅನ್ನ, ‘ಕಂದಾರ್’ ಅಂದರೆ ಹೆಗಲ ಮೇಲಿನ ಅಡ್ಡೆ. ಆಗ ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ತೂಗುಹಾಕಿ ಹೊತ್ತು ಮಾರುತ್ತಿದ್ದರು. ಚಾರ್ ಕುವೆ ಟಿಯೊದಲ್ಲಿ ಹಂದಿ ಕೊಬ್ಬು ಹಾಕುವ ಅಂಗಡಿಗಳಿವೆ, ಬೇಡದವರು ಮೊದಲೇ ಕೇಳಿ.

ಸಸ್ಯಾಹಾರಿಗಳಿಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನಾನೂ ಸಸ್ಯಾಹಾರಿ. ‘ತರಕಾರಿ’ ಅಂದರೆ ಇಲ್ಲಿ ಎಲ್ಲರಿಗೂ ನಮ್ಮ ಅರ್ಥ ಅಲ್ಲ. ಬಸಳೆಯಂಥ ಸೊಪ್ಪಿನ ಪಲ್ಯ ತಟ್ಟೆಯಲ್ಲಿ ಬರುತ್ತದೆ. ನೋಡಲು ಬರೀ ಸೊಪ್ಪು, ಆದರೆ ಒಳಗೆ ಬೆಲಾಚಾನ್ ಇರುತ್ತದೆ. ಒಣ ಸೀಗಡಿ ಅರೆದು ಮಾಡಿದ ಮಸಾಲೆ ಅದು. ಸಾಂಬಾಲ್ ಅನ್ನುವ ಖಾರದ ಚಟ್ನಿಯಲ್ಲೂ ಅದೇ. ಹಾಗಾಗಿ ಈ ಒಂದು ಸಾಲು ಬಾಯಿಪಾಠ ಮಾಡಿ: ‘ಸಾಯಾ ತಾಕ್ ಮಾಕಾನ್ ಡಾಗಿಂಗ್, ಆಯಾಮ್, ಇಕಾನ್, ಉಡಾಂಗ್, ಬೆಲಾಚಾನ್.’ ನಾನು ಮಾಂಸ, ಕೋಳಿ, ಮೀನು, ಸೀಗಡಿ, ಬೆಲಾಚಾನ್ ತಿನ್ನುವುದಿಲ್ಲ ಅಂತ. ಮೊಟ್ಟೆಯೂ ಬೇಡವಾದರೆ ‘ತೆಲೂರ್’ ಸೇರಿಸಿ.

ಗುಡಿಯ ಸುತ್ತಲಿನ ಲಿಟಲ್ ಇಂಡಿಯಾದಲ್ಲಿ, ಲೆಬು ಪೆನಾಂಗ್ ಮತ್ತು ಲೆಬು ಪಸಾರ್ ಬೀದಿಗಳಲ್ಲಿ, ಸಸ್ಯಾಹಾರಿ ಹೋಟೆಲ್‌ಗಳಿವೆ. ಇಡ್ಲಿ, ದೋಸೆ, ಬಾಳೆ ಎಲೆ ಊಟ ಸಿಗುತ್ತದೆ. ಆದರೆ ಎರಡೂ ದಿನ ಅಲ್ಲೇ ಕೂರಬೇಡಿ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳೂ ಇವೆ. ಅಲ್ಲಿ ಅನ್ನ ಹಾಕಿಸಿಕೊಂಡು ಹತ್ತಿಪ್ಪತ್ತು ಬಗೆಯ ಪಲ್ಯದಲ್ಲಿ ಬೇಕಾದ್ದನ್ನು ನೀವೇ ಬಡಿಸಿಕೊಳ್ಳುವುದು, ಕೊನೆಗೆ ತಟ್ಟೆ ನೋಡಿ ಬೆಲೆ ಹೇಳುತ್ತಾರೆ. ಕೆಲವು ಅಂಗಡಿಗಳ ಬೋರ್ಡಿನ ಮೇಲೆ ಸ್ವಸ್ತಿಕದಂಥ ಬೌದ್ಧ ಗುರುತು ಇರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಇಲ್ಲಿಯ ಚೀನಿಯರ ಆಡುಮಾತು ಹೊಕ್ಕಿಯನ್. ಅದರಲ್ಲಿ ‘ಚಿಯಾ ಚಾಯ್’ ಅಂದರೆ ಸಸ್ಯಾಹಾರ ತಿನ್ನುವುದು. ಈ ಎರಡು ಪದ ಹೇಳಿದಾಗ ಅಂಗಡಿಯ ಆಂಟಿಯ ಮುಖ ಅರಳುವುದನ್ನು ನೋಡಬೇಕು. ಇನ್ನೊಂದು ಗುಟ್ಟು: ಚೀನೀ ತಿಂಗಳಿನ 1 ಮತ್ತು 15ನೇ ದಿನ ಬಹಳ ಜನ ಮಾಂಸ ಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ದಿನ. ಕ್ಯಾಲೆಂಡರ್ ನೋಡಿ ಹೊರಡಿ, ಆ ದಿನ ಸಸ್ಯಾಹಾರಿ ಅಂಗಡಿಗಳು ತುಂಬಿ ತುಳುಕುತ್ತವೆ.

ಕೋಪಿತಿಯಾಮ್ ಅಂದರೆ ಕಾಫಿ ಅಂಗಡಿ, ಒಳಗೆ ಹಲವಾರು ತಳ್ಳುಗಾಡಿಗಳು. ಮೊದಲು ಟೇಬಲ್ ಹಿಡಿಯಿರಿ, ಅದರ ನಂಬರ್ ನೋಡಿಕೊಳ್ಳಿ. ಗಾಡಿಯವರಿಗೆ ಊಟ ಹೇಳಿ ನಂಬರ್ ಕೊಡಿ, ಅವರೇ ತಂದುಕೊಡುತ್ತಾರೆ, ಆಗಲೇ ದುಡ್ಡು. ಕುಡಿಯುವುದನ್ನು ಕೇಳಲು ಅಂಗಡಿಯವರು ಬೇರೆ ಬರುತ್ತಾರೆ. ಅವರ ಹತ್ತಿರ ಒಂದು ಕಾಫಿಯೋ ಟೀಯೋ ತೆಗೆದುಕೊಳ್ಳಲೇಬೇಕು, ಅದೇ ಅವರ ಹೊಟ್ಟೆಪಾಡು. ‘ಕೋಪಿ’ ಅಂದರೆ ಸಿಹಿ ಹಾಲಿನ ಕಾಫಿ, ‘ಕೋಪಿ ಓ’ ಹಾಲಿಲ್ಲದ್ದು, ‘ಕೋಸೊಂಗ್’ ಸೇರಿಸಿದರೆ ಸಕ್ಕರೆ ಇಲ್ಲದ್ದು. ‘ಕುರಾಂಗ್ ಮಾನಿಸ್’ ಅಂದರೆ ಸಿಹಿ ಕಮ್ಮಿ. ಇದನ್ನು ಹೇಳದಿದ್ದರೆ ಪಾಯಸದಷ್ಟು ಸಿಹಿ ಬರುತ್ತದೆ. ಒಬ್ಬರೇ ಇದ್ದರೆ ನಿಮ್ಮ ಟೇಬಲ್ಲಿಗೆ ಬೇರೆಯವರು ಬಂದು ಕೂರಬಹುದು. ಬೇಡ ಅನ್ನಬೇಡಿ. ನನಗೆ ಈ ಊರಿನ ಅರ್ಧ ವಿಷಯ ಗೊತ್ತಾಗಿದ್ದು ಹಾಗೆ ಎದುರು ಬಂದು ಕೂತವರಿಂದ.

ಬೆಳಗಿನ ತಿಂಡಿಗೆ ರೋಟಿ ಚನಾಯ್. ನಮ್ಮ ಪರೋಟದ ತಮ್ಮ, ಜೊತೆಗೆ ಬೇಳೆ ಸಾರು. ಕೆಲವು ಕಡೆ ಬರೀ ಮೀನು, ಕೋಳಿ ಸಾರು ಇರುತ್ತದೆ, ‘ಡಾಲ್’ ಅಂತ ಬಿಡಿಸಿ ಕೇಳಿ. ಪುಟು ಮಾಯಮ್ ಸಿಕ್ಕರೆ ಬಿಡಬೇಡಿ, ಅದು ನಮ್ಮ ಒತ್ತು ಶಾವಿಗೆ, ತೆಂಗಿನತುರಿ ಮತ್ತು ಬೆಲ್ಲದ ಜೊತೆ. ಮಧ್ಯಾಹ್ನದ ಬಿಸಿಲಿಗೆ ಚೆಂಡೋಲ್. ತೆಂಗಿನಹಾಲು, ಐಸು, ಹಸಿರು ಅಕ್ಕಿಹಿಟ್ಟಿನ ಎಳೆಗಳು, ಮೇಲೆ ತಾಳೆ ಬೆಲ್ಲದ ಪಾಕ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಜಾಯಿಕಾಯಿ ಶರಬತ್ತು. ಈ ಕಾಯಿಯನ್ನು ಈ ದ್ವೀಪದಲ್ಲಿ ಬೆಳೆಸಲು ಶುರುಮಾಡಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಒಳಗಿನ ಬೀಜ, ಕೆಂಪು ಜಾಪತ್ರೆ ಹಡಗು ಹತ್ತಿ ಹೋಗುತ್ತಿತ್ತು. ಹೊರಗಿನ ಹಳದಿ ತಿರುಳು ಇಲ್ಲಿಯವರಿಗೆ ಉಳಿಯುತ್ತಿತ್ತು. ಅದರದೇ ಶರಬತ್ತು ಇದು, ‘ಪಾಲಾ’ ಅಂತ ಕೇಳಿದರೆ ಕೊಡುತ್ತಾರೆ. ಮೊದಲ ಗುಟುಕಿಗೆ ಒಗರು, ಆಮೇಲೆ ಸಣ್ಣ ಖಾರ, ಕೊನೆಗೆ ಗಂಟಲಲ್ಲಿ ತಂಪು. ಕರಾವಳಿ, ಮಲೆನಾಡಿನ ತೋಟದ ಮನೆಗಳಲ್ಲಿ ಇದೇ ಸಿಪ್ಪೆಯ ಉಪ್ಪಿನಕಾಯಿ ತಿಂದವರಿಗೆ ಆ ಒಗರು ತಕ್ಷಣ ಗುರುತು ಸಿಗುತ್ತದೆ.

ಮಾತು

ಇಂಗ್ಲಿಷ್ ನಡೆಯುತ್ತದೆ, ತಮಿಳು ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು. ಆದರೂ ಬೋರ್ಡುಗಳನ್ನು ಓದಿ ನೋಡಿ. ಮಲಯ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ‘ಬಹಾಸಾ’ ಅಂದರೆ ಭಾಷೆ, ‘ಮುಕಾ’ ಅಂದರೆ ಮುಖ, ‘ರಾಸಾ’ ಅಂದರೆ ರುಚಿ, ‘ಪುವಾಸಾ’ ಅಂದರೆ ಉಪವಾಸ, ‘ಸುವಾಮಿ’ ಅಂದರೆ ಗಂಡ, ‘ದೋಸಾ’ ಅಂದರೆ ಪಾಪ. ಅಂಗಡಿಗೆ ‘ಕೆಡಾಯ್’, ಅದು ತಮಿಳಿನ ಕಡೈ. ಬೆಲೆ ‘ಹರ್ಗಾ’. ‘ಬೆರಾಪಾ?’ ಅಂದರೆ ಎಷ್ಟು. ‘ತೆರಿಮಾ ಕಾಸಿ’ ಅಂದರೆ ಧನ್ಯವಾದ, ಇದನ್ನು ಮಾತ್ರ ಪ್ರತಿ ಸಲ ಹೇಳಿ. ದೊಡ್ಡವರನ್ನು ಅಂಕಲ್, ಆಂಟಿ ಅಂದರೆ ಎಲ್ಲ ಜನಾಂಗದವರಿಗೂ ಸರಿ. ನಿಮಗಿಂತ ತುಸು ದೊಡ್ಡ ಮಲಯ ಹೆಂಗಸನ್ನು ‘ಕಾಕ್’ ಅನ್ನಿ, ಅಕ್ಕ ಅಂದ ಹಾಗೆ. ಗಂಡಸಿಗೆ ‘ಬಾಂಗ್’.

ಎರಡನೇ ದಿನ

ಬೆಳಗ್ಗೆ ಬೇಗ ಎದ್ದು ಸಮುದ್ರ ದಂಡೆಯ ವೆಲ್ಡ್ ಕ್ವೇ ರಸ್ತೆಯ ಕಡೆ ನಡೆಯಿರಿ. ಬೇಗ ಅಂದರೆ ಆರೂವರೆ, ಆಗ ಇಲ್ಲಿ ಇನ್ನೂ ಕತ್ತಲು. ಸೂರ್ಯ ಹುಟ್ಟುವುದು ಏಳರ ಮೇಲೆ. ಅಲ್ಲಿ ಸಮುದ್ರದೊಳಗೆ ಚಾಚಿಕೊಂಡ ಮರದ ಹಲಗೆಯ ದಾರಿಗಳು, ಎರಡೂ ಬದಿ ಮನೆಗಳು. ಒಂದೊಂದು ದಾರಿ ಒಂದೊಂದು ಮನೆತನದ್ದು. ಚ್ಯೂ, ಲಿಮ್, ಟಾನ್, ಲೀ, ಯೋ. ದೊಡ್ಡದು ಚ್ಯೂ ಜೆಟ್ಟಿ. ಇವು ಪ್ರದರ್ಶನದ ಮನೆಗಳಲ್ಲ. ಒಳಗೆ ಮಕ್ಕಳು ಶಾಲೆಗೆ ಹೊರಡುತ್ತಿರುತ್ತಾರೆ, ಅಜ್ಜ ಹಲ್ಲುಜ್ಜುತ್ತಿರುತ್ತಾರೆ. ಮೆತ್ತಗೆ ನಡೆಯಿರಿ, ಬಾಗಿಲೊಳಗೆ ಕ್ಯಾಮೆರಾ ಹಿಡಿಯಬೇಡಿ. ತುದಿಯಲ್ಲಿ ಹೋಗಿ ನಿಂತರೆ ಎದುರು ದಡದ ಮೇಲೆ ಸೂರ್ಯ ಏಳುತ್ತಾನೆ.

ತಿಂಡಿ ಆದ ಮೇಲೆ ಅಲ್ಲೇ ಜೆಟ್ಟಿ ಬಸ್‌ಸ್ಟ್ಯಾಂಡಿನಿಂದ 204 ನಂಬರಿನ ಬಸ್ಸು ಹತ್ತಿ, ಪೆನಾಂಗ್ ಬೆಟ್ಟಕ್ಕೆ ಹೋಗುತ್ತದೆ. ಬೆಟ್ಟದ ಎತ್ತರ 833 ಮೀಟರ್. ಹಳಿಯ ಮೇಲೆ ಹಗ್ಗ ಎಳೆಯುವ ರೈಲು 1923ರಿಂದ ಇದೆ, ಈಗ ಓಡುವ ಗಾಡಿಗಳು ಹೊಸವು. ಶನಿವಾರ, ಭಾನುವಾರ ಸಾಲು ಉದ್ದ. ಮೇಲೆ ಒಂದು ಮುರುಗನ ಗುಡಿಯೂ ಒಂದು ಮಸೀದಿಯೂ ಪಕ್ಕಪಕ್ಕದಲ್ಲೇ ಇವೆ. ಅದೇ ಬಸ್ಸಿನ ದಾರಿಯಲ್ಲಿ ಕೆಕ್ ಲೊಕ್ ಸಿ ಅನ್ನುವ ದೊಡ್ಡ ಬೌದ್ಧ ದೇವಸ್ಥಾನ. ಅದರ ಪಗೋಡ ನೋಡಿ: ಬುಡ ಚೀನೀ ಶೈಲಿ, ನಡು ಥಾಯ್, ಮುಡಿ ಬರ್ಮಾದ್ದು. ಎರಡೂ ಸೇರಿ ಅರ್ಧ ದಿನ. ಒಂದನ್ನು ಬಿಡಬೇಕಾದರೆ ನಾನು ಬೆಟ್ಟ ಬಿಡುತ್ತೇನೆ. ಬೀಚನ್ನಂತೂ ಎರಡು ದಿನದಲ್ಲಿ ಸೇರಿಸಬೇಡಿ.

ಸಂಜೆ ಮತ್ತೆ ಆ ಬೀದಿಗೆ.

ಒಬ್ಬರೇ ಇರುವಾಗ

ನನಗೆ ಇಲ್ಲಿ ಹೆದರಿಕೆ ಆಗಿದ್ದು ಕಮ್ಮಿ. ಆದರೂ ಕೆಲವು ಅಭ್ಯಾಸ ಬಿಡುವುದಿಲ್ಲ. ಚೀಲವನ್ನು ರಸ್ತೆಯ ಕಡೆ ಹಾಕುವುದಿಲ್ಲ, ಅಂಗಡಿಗಳ ಕಡೆಯ ಹೆಗಲಿಗೆ. ಬೈಕಿನಲ್ಲಿ ಬಂದು ಕಿತ್ತುಕೊಳ್ಳುವುದು ಈ ದೇಶದಲ್ಲೂ ಇದೆ. ರಾತ್ರಿ ಹತ್ತರ ಮೇಲೆ ಒಳ ಓಣಿಗಳಲ್ಲಿ ನಡೆಯುವ ಬದಲು ಗ್ರಾಬ್. ಹತ್ತುವ ಮುಂಚೆ ನಂಬರ್ ಪ್ಲೇಟ್ ನೋಡಿ, ಮನೆಯವರಿಗೆ ಲೊಕೇಶನ್ ಕಳಿಸಿ. ಗೆಸ್ಟ್ ಹೌಸಿನ ಕಾರ್ಡು ಪರ್ಸಿನಲ್ಲಿ, ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿ. ತುರ್ತು ನಂಬರ್ 999. ಭಾರತದ ಹೈಕಮಿಷನ್ ಇರುವುದು ಕೌಲಾಲಂಪುರದಲ್ಲಿ, ಅದರ ನಂಬರನ್ನೂ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಯಾರ ಚೀಲವನ್ನೂ, ಪೊಟ್ಟಣವನ್ನೂ ‘ಸ್ವಲ್ಪ ಹಿಡ್ಕೊಳ್ಳಿ’ ಅಂದರೆ ಹಿಡಿಯಬೇಡಿ. ಮಾದಕ ವಸ್ತುವಿಗೆ ಇಲ್ಲಿ ಮರಣದಂಡನೆಯವರೆಗೂ ಶಿಕ್ಷೆ ಇದೆ.

ಒಂಟಿತನ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಹೊತ್ತಿಗೆ. ಬಿಸಿಲು, ಸುಸ್ತು, ಮಾತಿಗೆ ಯಾರೂ ಇಲ್ಲ. ಆ ಹೊತ್ತನ್ನು ಖಾಲಿ ಬಿಡಿ. ರೂಮಿಗೆ ಹೋಗಿ ಸ್ನಾನ ಮಾಡಿ ಒಂದು ಗಂಟೆ ಮಲಗಿ. ಎದ್ದ ಮೇಲೆ ಸಂಜೆ ಬೇರೆಯೇ ಆಗಿರುತ್ತದೆ.

ಹೊರಡುವ ಬೆಳಗ್ಗೆ

ಮನೆಗೆ ತರಲು ಒಣ ಜಾಯಿಕಾಯಿ ತಿರುಳು ಹಗುರ, ಕೆಡುವುದೂ ಇಲ್ಲ. ಹೆಸರುಬೇಳೆ ಹೂರಣದ ತಾವ್ ಸಾರ್ ಪಿಯಾ ಬಿಸ್ಕತ್ತು ಊರಿಗೇ ಪ್ರಸಿದ್ಧ, ಆದರೆ ಕೆಲವು ಅಂಗಡಿಯವರು ಹಂದಿ ಕೊಬ್ಬು ಬಳಸುತ್ತಾರೆ. ಡಬ್ಬಿಯ ಮೇಲೆ ಓದಿ, ಇಲ್ಲವೇ ಕೇಳಿ ತೆಗೆದುಕೊಳ್ಳಿ. ಕಟು ವಾಸನೆಯ ದುರಿಯನ್ ಹಣ್ಣನ್ನು ಅಲ್ಲೇ ತಿಂದು ಮುಗಿಸಿ, ಹೋಟೆಲಿನವರೂ ವಿಮಾನದವರೂ ಒಳಗೆ ಬಿಡುವುದಿಲ್ಲ.

ವಿಮಾನಕ್ಕೆ ಮೂರು ಗಂಟೆ ಮುಂಚೆ ಊರು ಬಿಡಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ, ಸಂಜೆ ವಿಮಾನ ನಿಲ್ದಾಣದ ದಾರಿಯಲ್ಲಿ ಟ್ರಾಫಿಕ್ ಇರುತ್ತದೆ. ಫೆರಿಯಲ್ಲಿ ಹೋಗುವವರು ರೈಲಿಗೆ ಒಂದು ಗಂಟೆ ಮುಂಚಿನ ದೋಣಿ ಹಿಡಿಯಿರಿ. ಈ ಸಲ ದೋಣಿಯ ಹಿಂಭಾಗದಲ್ಲಿ ನಿಲ್ಲಿ. ಊರು ದೂರವಾಗುವುದು ಅಲ್ಲಿಂದ ಕಾಣುತ್ತದೆ. ನಾನು ಹೊರಟ ದಿನ ಪಕ್ಕದಲ್ಲಿ ನಿಂತಿದ್ದ ಹೆಂಗಸು ‘ತಿಂಡಿ ಆಯ್ತಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಆಗಿರಲಿಲ್ಲ. ಬಾಳೆ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ಚೀಲದಿಂದ ತೆಗೆದರು, ಸಿಹಿ ಅಂಟು ಅಕ್ಕಿ, ಮೇಲೆ ತೆಂಗಿನತುರಿ. ಅರ್ಧ ಮುರಿದು ನನ್ನ ಕೈಗಿಟ್ಟು, ‘ಮಾಕಾನ್, ಮಾಕಾನ್’ ಅಂದರು. ತಿನ್ನು, ತಿನ್ನು ಅಂತ.